4,29,49,67,297: ಅವಿಭಾಜ್ಯವೆಂದು ನಂಬಿಸಿದ ಸಂಖ್ಯೆ

(ಪರದೆಯ ಮೇಲೆ: 4,29,49,67,297 = 2³² + 1)

ನಿರೂಪಣೆ: 2ರ 32ನೇ ಘಾತಕ್ಕೆ 1 ಕೂಡಿಸಿದರೆ ಸಿಗುವ ಈ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ ಎರಡು ತುದಿಗಳಲ್ಲಿ ಒಂದೊಂದು 1, ನಡುವೆ 31 ಸೊನ್ನೆಗಳು ಕಾಣಿಸುತ್ತವೆ. ಘಾತಾಂಕವಾಗಿ 1, 2, 4, 8, 16 ಇಟ್ಟು ಇದೇ ಲೆಕ್ಕ ಮಾಡಿದಾಗ ಬರುವ 3, 5, 17, 257, 65537 ಐದೂ ಅವಿಭಾಜ್ಯ ಸಂಖ್ಯೆಗಳು. ಈ ಸರಣಿ ಎಷ್ಟು ಮುಂದುವರಿದರೂ ಹೀಗೆಯೇ ಇರುತ್ತದೆಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯೆರ್ ಡಿ ಫರ್ಮಾ ನಂಬಿದ್ದರು. ಆದರೆ ಆರನೆಯದಾದ ನಮ್ಮ ಸಂಖ್ಯೆಯನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆ ಎಂಬುದನ್ನು 1732ರಲ್ಲಿ ಲಿಯೊನಾರ್ಡ್ ಆಯ್ಲರ್ ತೋರಿಸಿದರು.

(ಪರದೆಯ ಮೇಲೆ: 641 × 67,00,417)

ಇದರ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗಿನ ಆರು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕೆ? ಬೇಕಿಲ್ಲ. ಯಾವುದೋ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಎಂದಾದರೆ, ಅದರಿಂದ ಭಾಗಿಸಿದಾಗ 2³² ಉಳಿಸುವ ಶೇಷ −1 (ಅಂದರೆ ಪೂರ್ತಿ ಭಾಗವಾಗಲು 1 ಕಡಿಮೆ) ಆಗಿರಬೇಕು, ಹಾಗಾಗಿ 2⁶⁴ ಉಳಿಸುವ ಶೇಷ 1 ಆಗಬೇಕು. ಶೇಷ 1 ಬರುವ ಅತಿ ಚಿಕ್ಕ ಘಾತಾಂಕವೇ 64 ಆಗಿರುವುದರಿಂದ, ಆ ಅವಿಭಾಜ್ಯದಲ್ಲಿ 1 ಕಳೆದರೆ ಉಳಿಯುವುದು 64ರ ಅಪವರ್ತ್ಯವಾಗಿರಲೇಬೇಕು. ಈ ಕೊನೆಯ ಹೆಜ್ಜೆಗೆ ಆಧಾರ ಫರ್ಮಾ ಅವರದ್ದೇ ಪ್ರಮೇಯ (ಅವಿಭಾಜ್ಯವೊಂದು ಭಾಗಿಸದ ಸಂಖ್ಯೆಯನ್ನು ಆ ಅವಿಭಾಜ್ಯಕ್ಕಿಂತ 1 ಕಡಿಮೆಯಾದ ಘಾತಕ್ಕೇರಿಸಿ ಅದರಿಂದಲೇ ಭಾಗಿಸಿದರೆ ಶೇಷ 1) ಎಂಬುದು ಸ್ವಾರಸ್ಯದ ಸಂಗತಿ. ಹೀಗೆ ಸೋಸಿದಾಗ ಮೊದಲು ಸಿಗುವವು 193, 257, 449, 577, ಐದನೆಯದೇ 641.

ಉದ್ದನೆಯ ಭಾಗಾಕಾರವಿಲ್ಲದೆಯೂ ಇದನ್ನು ತಾಳೆ ನೋಡಬಹುದು.

(ಪರದೆಯ ಮೇಲೆ: 641 = 5 × 2⁷ + 1; 641 = 5⁴ + 2⁴)

ಮೊದಲ ಸಮೀಕರಣದ ಪ್ರಕಾರ, 641ರಿಂದ ಭಾಗಿಸಿದಾಗ 5 × 2⁷ ಉಳಿಸುವ ಶೇಷ −1. ಅದನ್ನು ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ ಉಳಿಸುವ ಶೇಷ 1. ಎರಡನೆಯ ಸಮೀಕರಣದಂತೆ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³² ಉಳಿಸುವ ಶೇಷ 1 ಎಂದಾಗುತ್ತದೆ, ಅಂದರೆ 2³² + 1ರ ಶೇಷ ಸೊನ್ನೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಲೆಕ್ಕ ಇನ್ನೊಂದಿಲ್ಲ.

ಇದು ಅವಿಭಾಜ್ಯವಲ್ಲ ಎನ್ನಲು ಇನ್ನೊಂದು ಸಾಕ್ಷಿಯೂ ಇದೆ. ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಲಾಗದು. ಇದನ್ನಾದರೋ ಎರಡು ಬಗೆಯಲ್ಲಿ ಬರೆಯಬಹುದು.

(ಪರದೆಯ ಮೇಲೆ: 65536² + 1² = 62264² + 20449²)

ನೆರೆಯ ಸಂಖ್ಯೆಯೂ ಗಮನಾರ್ಹ. ಇದರಲ್ಲಿ 2 ಕಳೆದರೆ ಬರುವ 4,29,49,67,295 ಎಂಬುದು 3, 5, 17, 257, 65537 ಇವುಗಳ ಗುಣಲಬ್ಧ. ಆದ್ದರಿಂದ ಆ ಐದರಲ್ಲಿ ಯಾವುದೂ ನಮ್ಮ ಸಂಖ್ಯೆಯನ್ನು ಭಾಗಿಸಲಾರದು.

ಇಷ್ಟಾದರೂ ಫರ್ಮಾ ಪ್ರಮೇಯವನ್ನು ಆಧರಿಸಿದ ಅವಿಭಾಜ್ಯತೆಯ ಪರೀಕ್ಷೆಯನ್ನು 2ರ ಮೂಲಕ ನಡೆಸಿದರೆ ಈ ಸಂಖ್ಯೆ ತೇರ್ಗಡೆಯಾಗಿಬಿಡುತ್ತದೆ. ಸಂಖ್ಯೆಯಲ್ಲಿ 1 ಕಳೆದರೆ ಬರುವ 2³² ಎಂಬುದು 64ರಿಂದ ಭಾಗವಾಗುವುದರಿಂದ, 2ನ್ನು 2³²ನೇ ಘಾತಕ್ಕೇರಿಸಿ ಈ ಸಂಖ್ಯೆಯಿಂದ ಭಾಗಿಸಿದರೆ ಉಳಿಯುವ ಶೇಷ 1 ಆಗಿಯೇ ತೀರುತ್ತದೆ. 2ರ ಬದಲು 3 ಇಟ್ಟು ಅದೇ ಪರೀಕ್ಷೆ ಮಾಡಿದರೆ ಶೇಷ 1 ಬರುವುದಿಲ್ಲ. ಅಲ್ಲಿಗೆ ಗುಟ್ಟು ರಟ್ಟಾಗುತ್ತದೆ.