ಫ್ರಿಜ್ಜಿನ ಬೆನ್ನಿಗೆ ಸ್ವಲ್ಪ ಜಾಗ ಬಿಡಿ

ರಾತ್ರಿ ಮಲಗುವ ಮುನ್ನ ಫ್ರಿಜ್ಜಿನ ಸ್ವಿಚ್ ಆರಿಸಿ, ಬೆಳಿಗ್ಗೆ ಹಾಲು ಬಂದ ಮೇಲೆ ಮತ್ತೆ ಹಾಕುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ನನ್ನ ತಾಯಿಯೂ ಬಹಳ ಕಾಲ ಹಾಗೆಯೇ ಮಾಡುತ್ತಿದ್ದರು. ಆ ಮಿತವ್ಯಯದ ಬಗ್ಗೆ ನನಗೆ ಗೌರವವಿದೆ, ಆದರೆ ಲೆಕ್ಕ ಮಾತ್ರ ತಪ್ಪು. ಬಾಗಿಲು ತೆರೆಯದ, ಸೆಕೆಯೂ ಕಡಿಮೆಯಿರುವ ರಾತ್ರಿಯ ಹೊತ್ತಿನಲ್ಲಿ ಕಂಪ್ರೆಸರಿಗೆ ಕೆಲಸವೇ ಕಡಿಮೆ. ಆರಿಸಿಟ್ಟ ಫ್ರಿಜ್ಜಿನೊಳಗೆ ಸೇರಿದ ಬಿಸಿಯನ್ನು ಹೊರಹಾಕಲು ಅದು ಬೆಳಿಗ್ಗೆ ಬಹಳ ಹೊತ್ತು ಓಡಲೇಬೇಕಾಗುತ್ತದೆ. ಉಳಿಯುವುದು ಅಲ್ಪ, ಹಾಲು ಮತ್ತು ನಿನ್ನೆಯ ಹುಳಿ ಕೆಡುವ ಸಾಧ್ಯತೆ ದೊಡ್ಡದು.

ಕರೆಂಟು ನಿಜವಾಗಿ ಪೋಲಾಗುವುದು ಫ್ರಿಜ್ಜಿನ ಬೆನ್ನ ಹಿಂದೆ ಎಂಬುದು ನನ್ನ ಅಭಿಪ್ರಾಯ. ಫ್ರಿಜ್ ಮಾಡುವುದಿಷ್ಟೇ: ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಸುರಿಯುತ್ತದೆ. ಹಳೆಯ ಮಾದರಿಗಳಲ್ಲಿ ಹಿಂಬದಿಯ ಕಪ್ಪು ಕಂಬಿಗಳ ಮೂಲಕ ಆ ಬಿಸಿ ಹೋಗುತ್ತದೆ. ಹೊಸ ಮಾದರಿಗಳಲ್ಲಿ ಹಲವಕ್ಕೆ ಕೊಳವೆಗಳು ಪಕ್ಕದ ತಗಡಿನೊಳಗೇ ಅಡಗಿರುತ್ತವೆ, ಕೈಯಿಟ್ಟರೆ ಬೆಚ್ಚಗೆ ತಿಳಿಯುತ್ತದೆ. ಇಂಥ ಯಂತ್ರವನ್ನು ನಾವು ಗೋಡೆಗೂ ಬೀರುವಿಗೂ ನಡುವೆ ತುರುಕಿ, ಒಂದು ಪಕ್ಕದಲ್ಲಿ ಗ್ಯಾಸ್ ಒಲೆ ಇಟ್ಟು, ಮೇಲಿನಿಂದ ಇಳಿಬಿದ್ದ ಹೂವಿನ ಕವರ್ ಹೊದಿಸಿ ಉಸಿರುಗಟ್ಟಿಸುತ್ತೇವೆ. ಅರ್ಧ ಗೇಣು ಮುಂದಕ್ಕೆ ಎಳೆದು, ಪ್ಲಗ್ ಕಿತ್ತು, ಕಂಬಿಗಳ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಲು ಒಂದು ಭಾನುವಾರದ ಅರ್ಧ ಗಂಟೆ ಸಾಕು.

ಅದೇ ದಿನ ಬಾಗಿಲ ರಬ್ಬರನ್ನೂ ನೋಡಿ. ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ತಂಪು ಸೋರುತ್ತಿದೆ ಎಂದು ಅರ್ಥ. ನಮ್ಮ ಮನೆಯಲ್ಲಿ ಕೆಳಮೂಲೆಯಲ್ಲಿ ಜಾರಿತು. ರಬ್ಬರ್ ಹಾಳಾಗಿದೆಯೆಂದು ಬೇರೆಯದನ್ನು ತರಲು ಹೊರಟಿದ್ದೆ, ನೋಡಿದರೆ ಅದರ ಮಡಿಕೆಯಲ್ಲಿ ಎಂದೋ ಚೆಲ್ಲಿದ ದೋಸೆಹಿಟ್ಟು ಕಲ್ಲಾಗಿ ಕುಳಿತಿತ್ತು! ಬೆಚ್ಚನೆಯ ಸೋಪಿನ ನೀರಿನಲ್ಲಿ ಒರೆಸಿದ ಮೇಲೆ ನೋಟು ಬಿಗಿಯಾಗಿ ನಿಂತಿತು.

ಬಿಸಿ ಸಾರನ್ನು ಮುಚ್ಚದೆ ಒಳಗಿಟ್ಟರೆ ಅದರ ಹಬೆ ಫ್ರೀಜರಿನಲ್ಲಿ ಮಂಜಾಗಿ ಕಟ್ಟುತ್ತದೆ. ಆ ಮಂಜು ಕಂಬಳಿಯಂತೆ ತಂಪನ್ನು ತಡೆಯುತ್ತದೆ. ಅರ್ಧ ಸೆಂಟಿಮೀಟರ್ ದಪ್ಪವಾದೊಡನೆ ಕರಗಿಸಿಬಿಡಬೇಕು, ಚಾಕುವಿನಿಂದ ಕೆರೆಯುವ ಸಾಹಸ ಮಾತ್ರ ಬೇಡ, ಕೊಳವೆ ತೂತಾದರೆ ಗ್ಯಾಸೇ ಹೋಗುತ್ತದೆ.

2023ರಲ್ಲಿ ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಈ ಮಾತೆಲ್ಲ ಯಾಕೆ ಎನ್ನುವವರಿದ್ದಾರೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು ಎಂಬುದು ಆ ಯೋಜನೆಯ ನಿಯಮ. ಗಡಿಯ ಹತ್ತಿರ ನಿಂತ ಮನೆಗೆ ಹಗಲಿರುಳು ಪ್ಲಗ್ಗಿನಲ್ಲೇ ಇರುವ ಯಂತ್ರ ಹೆಚ್ಚಾಗಿ ನುಂಗುವ ಹತ್ತು ಯೂನಿಟ್ ಹಗುರವಲ್ಲ. ಹೊಸದನ್ನು ಕೊಳ್ಳುವವರು ವಿದ್ಯುತ್ ಉಳಿತಾಯದ ಲೇಬಲ್ಲಿನ ನಕ್ಷತ್ರಗಳನ್ನು ಮಾತ್ರ ಎಣಿಸದೆ, ಅದೇ ಲೇಬಲ್ಲಿನಲ್ಲಿರುವ ವಾರ್ಷಿಕ ಯೂನಿಟ್‌ಗಳನ್ನು 12ರಿಂದ ಭಾಗಿಸಿ ನೋಡಲಿ: 240 ಎಂದಿದ್ದರೆ ತಿಂಗಳಿಗೆ 20, ಅದೂ ಬೆನ್ನಿಗೆ ಗಾಳಿ ಸಿಕ್ಕರೆ.