ದಮ್ಮು ಕೆರಳುವ ಮುಂಚಿನ ನಾಲ್ಕು ದಿನ

ಕೇಳುಗರೇ, ನಮಸ್ಕಾರ.

ಹಳೆಯ ದಮ್ಮಿನ ಕಾಯಿಲೆ ಇರುವವರಿಗೆ ಇದು ಗೊತ್ತಿರುವ ಮಾತೇ. ತಿಂಗಳುಗಟ್ಟಲೆ ಹೇಗೋ ನಡೆದುಕೊಂಡು ಹೋಗುತ್ತಿರುತ್ತದೆ. ಒಂದಿಷ್ಟು ಕೆಮ್ಮು, ಒಂದಿಷ್ಟು ಕಫ, ಮೆಟ್ಟಿಲು ಹತ್ತಿದರೆ ಏದುಸಿರು. ಅದಕ್ಕೆಲ್ಲ ಒಗ್ಗಿಹೋಗಿರುತ್ತಾರೆ. ಹಾಗಿರುವಾಗ ಒಂದು ದಿನ ಉಸಿರೇ ಸಾಲುವುದಿಲ್ಲ. ಕೆಮ್ಮು ನಿಲ್ಲುವುದಿಲ್ಲ, ಬೆನ್ನು ಹಾಸಿಗೆಗೆ ತಾಗಿಸಿದರೆ ಕಟ್ಟಿದ ಹಾಗೆ ಆಗುತ್ತದೆ. ಕಾಯಿಲೆ ಕೆರಳಿತು ಅನ್ನುವುದು ಇದಕ್ಕೇ. ಡಾಕ್ಟರು 'ಏನು ಮಾಡಿಕೊಂಡ್ರಿ?' ಎಂದು ಕೇಳಿದರೆ, 'ಏನೂ ಇಲ್ಲ, ನಿನ್ನೆ ತನಕ ಚೆನ್ನಾಗೇ ಇದ್ದೆ' ಅನ್ನುತ್ತಾರೆ. ಇಲ್ಲವೇ ಆ ದಿನ ತಿಂದ ಯಾವುದೋ ಹಣ್ಣಿನ ಮೇಲೆ ತಪ್ಪು ಹೊರಿಸುತ್ತಾರೆ. ಪಾಪ, ಹಣ್ಣು ಏನು ಮಾಡೀತು!

ಕೆರಳಿದ ದಿನ ಕಣ್ಣಿಗೆ ಬಿದ್ದದ್ದು ಕಾರಣವಾಗಿರುವುದು ಕಡಿಮೆ. ಎರಡು, ಮೂರು, ಕೆಲವು ಸಲ ನಾಲ್ಕೈದು ದಿನ ಹಿಂದಕ್ಕೆ ಹೋಗಿ ಹುಡುಕಬೇಕು.

ನಾನು ಮುಖ್ಯವಾಗಿ ಹೇಳುತ್ತಿರುವುದು ಸಿಓಪಿಡಿ ಎನ್ನುವ ಕಾಯಿಲೆಯ ಬಗ್ಗೆ. ಇದರಲ್ಲಿ ಉಸಿರಿನ ನಾಳಗಳು ಊದಿಕೊಂಡು, ಕಫ ಕಟ್ಟಿ, ಕಿರಿದಾಗಿರುತ್ತವೆ. ಒಳಗೆ ಎಳೆದುಕೊಂಡ ಗಾಳಿ ಸಲೀಸಾಗಿ ಹೊರಗೆ ಬರುವುದಿಲ್ಲ, ಎದೆಯಲ್ಲೇ ಉಳಿಯುತ್ತದೆ. ಮೊದಲೇ ಕಿರಿದಾದ ನಾಳ ಇನ್ನೊಂಚೂರು ಊದಿದರೂ ಸಾಕು. ಬೇರೆಯವರಿಗೆ ಬರೀ ನೆಗಡಿ ಆಗಿ ಹೋಗುವುದು ಇವರನ್ನು ಆಸ್ಪತ್ರೆಗೆ ಸೇರಿಸುತ್ತದೆ.

ನೆಗಡಿ ಅಂದೆ, ಅಲ್ವಾ? ಕೆರಳಿಸುವುದರಲ್ಲಿ ಅದಕ್ಕೇ ಮೊದಲ ಜಾಗ. ಬಹುಪಾಲು ಸಲ ಕಾರಣ ಸೋಂಕು. ಅದರಲ್ಲೂ ಸಾಮಾನ್ಯ ನೆಗಡಿ ತರುವ ರೈನೋವೈರಸ್ಸೇ ಜಾಸ್ತಿ. ಮೊದಲು ಗಂಟಲು ಕೆರೆತ, ಸೀನು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲವು ದಿನ ಬಿಟ್ಟು ಎದೆಗೆ ಇಳಿದಾಗ ಆ ಸೀನು ಮರೆತೇ ಹೋಗಿರುತ್ತದೆ. ಮನೆಯಲ್ಲಿ ಮಗುವಿಗೆ ನೆಗಡಿಯಾಗಿದ್ದರೆ ಮುದ್ದಾಡುವುದನ್ನು ನಾಲ್ಕು ದಿನ ಮುಂದಕ್ಕೆ ಹಾಕಿ. ಕಷ್ಟವೇ, ಗೊತ್ತು. ಹೊರಗಿಂದ ಬಂದ ಕೂಡಲೇ ಸೋಪು ಹಚ್ಚಿ 20 ಸೆಕೆಂಡಾದರೂ ಕೈ ಉಜ್ಜಿ ತೊಳೆಯಿರಿ. ತೊಳೆಯದ ಕೈಯನ್ನು ಮೂಗಿಗೆ, ಕಣ್ಣಿಗೆ ಒಯ್ಯಬೇಡಿ. ಫ್ಲೂ ಲಸಿಕೆ ಪ್ರತಿ ವರ್ಷ ಬೇಕು. ಆ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ಹೋದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. ನ್ಯುಮೋನಿಯಾ ಲಸಿಕೆ ಬೇರೆ. ನಿಮಗೆ ಯಾವುದು, ಯಾವಾಗ ಎಂದು ಡಾಕ್ಟರನ್ನೇ ಕೇಳಿ.

ಇನ್ನು ಹೊಗೆ. 1952ರ ಡಿಸೆಂಬರ್‌ನಲ್ಲಿ ಲಂಡನ್ ನಗರದ ಮೇಲೆ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರಿ ಐದು ದಿನ ಕದಲದೆ ನಿಂತಿತ್ತು. ಆಗ ಸತ್ತವರು ಸುಮಾರು 4,000 ಎಂದು ಮೊದಲು ಲೆಕ್ಕ ಹಾಕಿದರು. ಹೊಗೆ ಕರಗಿದ ಮೇಲೂ ವಾರಗಟ್ಟಲೆ ಸಾವುಗಳು ಜಾಸ್ತಿಯೇ ಇದ್ದವು. ಅವನ್ನೂ ಸೇರಿಸಿ ಮುಂದೆ ಲೆಕ್ಕ ಮಾಡಿದ ಸಂಶೋಧಕರು ಸಂಖ್ಯೆ 12,000ದಷ್ಟು ಇರಬಹುದು ಅಂದರು. ಕೆಟ್ಟ ಗಾಳಿಯ ಪೆಟ್ಟು ಅದೇ ದಿನಕ್ಕೆ ಮುಗಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪಿಎಂ 2.5 ಎಂದು ಸುದ್ದಿಯಲ್ಲಿ ಕೇಳುತ್ತೀರಲ್ಲ, ಅದು 2.5 ಮೈಕ್ರಾನ್‌ ಅಥವಾ ಅದಕ್ಕಿಂತ ಸಣ್ಣ ದೂಳು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಷ್ಟು ಸಣ್ಣದನ್ನು ಮೂಗು ತಡೆಯಲಾರದು, ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಗಾಳಿ ಕೆಟ್ಟಿದೆ ಎಂದು ಸುದ್ದಿ ಬಂದ ದಿನ ಕಿಟಕಿ ಮುಚ್ಚಿ ಒಳಗಿರಿ. ಹೋಗಲೇಬೇಕಾದರೆ ಎನ್95 ಮಾಸ್ಕ್ ಹಾಕಿ. ಬಟ್ಟೆ ಕಟ್ಟಿಕೊಂಡರೆ ಇಷ್ಟು ಸಣ್ಣ ದೂಳು ನಿಲ್ಲುವುದಿಲ್ಲ. ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತದೆ ಅನ್ನುವವರು ಹಟ ಹಿಡಿಯಬೇಡಿ, ಆ ಕೆಲಸ ಬೇರೆಯವರಿಗೆ ಹೇಳಿ.

ಹೊರಗಿನ ಹೊಗೆಗೆ ಬೈಯುತ್ತೇವೆ, ಮನೆಯೊಳಗಿನದನ್ನು ಬಿಟ್ಟುಬಿಡುತ್ತೇವೆ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆ ಬತ್ತಿ, ಸೌದೆ ಒಲೆ, ಹೊಸ ಬಣ್ಣದ ವಾಸನೆ, ಘಾಟಿನ ಸ್ಪ್ರೇ. ಬೀಡಿ ಸಿಗರೇಟು ಬಿಡಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಪಕ್ಕದಲ್ಲಿ ಕೂತು ಸೇದುವವರ ಹೊಗೆಯೂ ಕೆಡುಕೇ. ಮತ್ತೊಂದು ಮಾತು, ಬ್ಲೀಚ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಎರಡನ್ನೂ ಎಂದೂ ಬೆರೆಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ. ಗಟ್ಟಿಮುಟ್ಟಾದವರಿಗೂ ಅದು ಅಪಾಯ.

ಚಳಿಗಾಳಿ ಉಸಿರಿನ ನಾಳವನ್ನು ಬಿಗಿಸುತ್ತದೆ. ಮೂಗು ಬಾಯಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡರೆ ಗಾಳಿ ಒಂದಿಷ್ಟು ಬೆಚ್ಚಗಾಗಿ ಒಳಗೆ ಹೋಗುತ್ತದೆ. ವಿಪರೀತ ಸೆಕೆಯೂ ಕೆಲವರಿಗೆ ಆಗುವುದಿಲ್ಲ.

ಯಾರೂ ಅನುಮಾನಿಸದ ಕಾರಣ ಒಂದಿದೆ. ಇನ್‌ಹೇಲರ್ ತಪ್ಪಿಸಿದ್ದು! 'ಚೆನ್ನಾಗಿದ್ದೀನಲ್ಲ' ಎಂದು ವಾರಗಟ್ಟಲೆ ಬಿಟ್ಟಿರುತ್ತಾರೆ. ಇನ್ನು ಕೆಲವರು ತೆಗೆದುಕೊಳ್ಳುತ್ತಾರೆ, ಔಷಧಿ ಮಾತ್ರ ನಾಲಿಗೆಯ ಮೇಲೇ ಕೂತಿರುತ್ತದೆ. ಪಫ್ ಒತ್ತುವ ಇನ್‌ಹೇಲರ್ ಆದರೆ ಚೆನ್ನಾಗಿ ಅಲ್ಲಾಡಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ಇನ್‌ಹೇಲರನ್ನು ಬಾಯಿಗಿಟ್ಟು ಅದರ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಒಳಗೆಳೆಯಲು ಶುರು ಮಾಡಿದ ಹಾಗೇ ಒತ್ತಿ, ಎಳೆಯುತ್ತಲೇ ಇರಿ. ಆಮೇಲೆ 10 ಸೆಕೆಂಡ್ ಉಸಿರು ಹಿಡಿಯಿರಿ. ಒತ್ತುವುದೂ ಎಳೆಯುವುದೂ ಒಟ್ಟಿಗೆ ಬರದಿದ್ದರೆ ಸ್ಪೇಸರ್, ಅಂದರೆ ಇನ್‌ಹೇಲರ್‌ಗೆ ಜೋಡಿಸುವ ಕೊಳವೆ, ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ. ಪುಡಿ ಎಳೆಯುವ ಇನ್‌ಹೇಲರ್‌ಗೆ ಲೆಕ್ಕ ಬೇರೆ. ಅದನ್ನು ಜೋರಾಗಿ, ಒಂದೇ ಸಲ ಎಳೆಯಬೇಕು. ಮುಂದಿನ ಸಲ ಡಾಕ್ಟರ ಎದುರೇ ಒಂದು ಸಾರಿ ಮಾಡಿ ತೋರಿಸಿ.

ಇಷ್ಟರಲ್ಲಿ ನಿಮ್ಮದು ಯಾವುದು? ಅದಕ್ಕೆ ಒಂದು ಹಳೇ ನೋಟ್‌ಬುಕ್ ಸಾಕು. ದಿನಕ್ಕೊಂದು ಸಾಲು ಬರೆಯಿರಿ. 'ಸೋಮವಾರ, ಕಫ ಬಿಳಿ, ಪಕ್ಕದ ಕೋಣೆಗೆ ಬಣ್ಣ ಹೊಡೆದರು. ಮಂಗಳವಾರ, ಬೆಳಗಿನ ಪಫ್ ಮರೆತೆ. ಬುಧವಾರ, ಗಂಟಲು ಕೆರೆತ, ರಾತ್ರಿ ಕೆಮ್ಮಿಗೆ ಎರಡು ಸಲ ಎಚ್ಚರ.' ಶುಕ್ರವಾರ ಕೆರಳಿತು ಅನ್ನಿ. ಬಣ್ಣವೋ, ಪಫ್ಫೋ, ಗಂಟಲೋ? ಒಂದು ಸಲಕ್ಕೆ ಹೇಳಲಾಗದು. ಮುಂದೆ ಕೆರಳಿದಾಗಲೂ ಅದರ ಹಿಂದಿನ ಸಾಲುಗಳನ್ನು ತಿರುವಿ ಹಾಕಿ. ಯಾವುದು ಮತ್ತೆ ಮತ್ತೆ ಬರುತ್ತದೋ ಅದರ ಮೇಲೆ ಕಣ್ಣಿಡಿ. ಸುಮಾರು ಮೂರರಲ್ಲಿ ಒಂದು ಸಲ ಏನು ಹುಡುಕಿದರೂ ಕಾರಣ ಸಿಗುವುದಿಲ್ಲ. ಅದಕ್ಕೆ ನಿಮ್ಮನ್ನು ನೀವು ದೂರಿಕೊಳ್ಳಬೇಡಿ.

ಹಾಗಂತ ಎಲ್ಲಕ್ಕೂ ಹೆದರಿ ಮನೆಯಲ್ಲೇ ಸುಮ್ನೆ ಕೂತುಬಿಡುವುದು ನನಗೆ ಒಪ್ಪಿಗೆಯಿಲ್ಲ. ನಡೆದಾಗ ಬರುವ ಏದುಸಿರು ನಿಂತು ಸುಧಾರಿಸಿಕೊಂಡರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅದು ಕೆರಳಿದ್ದಲ್ಲ. ನಡಿಗೆ ಬಿಟ್ಟರೆ ಕಾಲಿನ ಬಲ ಕುಗ್ಗಿ, ಅಷ್ಟೇ ಕೆಲಸಕ್ಕೆ ಇನ್ನೂ ಜಾಸ್ತಿ ದಮ್ಮು ಕಟ್ಟುತ್ತದೆ.

ಕೆರಳುತ್ತಿದೆ ಎಂದು ತಿಳಿಯಲು ಮೂರು ಗುರುತು. ಏದುಸಿರು ಹೆಚ್ಚಾಗುವುದು, ಕಫ ಹೆಚ್ಚಾಗುವುದು, ಕಫದ ಬಣ್ಣ ಹಳದಿಗೋ ಹಸಿರಿಗೋ ತಿರುಗುವುದು. 1987ರಲ್ಲಿ ಕೆನಡಾದ ಡಾಕ್ಟರ್ ಆಂಥೊನಿಸೆನ್ ಮತ್ತು ಸಂಗಡಿಗರು ಗುರುತು ಮಾಡಿಕೊಟ್ಟ ಈ ಮೂರನ್ನೇ ಇಂದಿಗೂ ಡಾಕ್ಟರುಗಳು ಕೇಳುತ್ತಾರೆ. ಕಫವನ್ನು ಬಿಳಿ ಕಾಗದದ ಮೇಲೆ ಉಗುಳಿ ನೋಡಿದರೆ ಬಣ್ಣ ಸರಿಯಾಗಿ ತಿಳಿಯುತ್ತದೆ. ಕೇಳಲು ಚೆನ್ನಾಗಿಲ್ಲ, ಆದರೂ ನೋಡಿ. ಬದಲಾದದ್ದು ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ, ತಡ ಮಾಡಬೇಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ದಮ್ಮು, ತುಟಿ ಉಗುರು ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಫೋನು, ಸಲಹೆ ಎಂದು ಕೂರದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ನೋಟ್‌ಬುಕ್ಕೂ ಜೊತೆಗಿರಲಿ.

ನಮಸ್ಕಾರ.