ಮೊದಲು ಕೆರೆ ಇಳಿಸಿ, ಆಮೇಲೆ ಗೋಡೆ ಕಟ್ಟಿ

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಅದು ಮುಂದಿನ ವಾರಕ್ಕಿರಲಿ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: ಮಳೆ ನೀರು ಹರಿಯುವ ದೊಡ್ಡ ಕಾಲುವೆಗೆ, ಅಂದರೆ ರಾಜಕಾಲುವೆಗೆ, ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿದರೆ ಬೆಂಗಳೂರು ಮುಳುಗುವುದು ನಿಲ್ಲುತ್ತದಂತೆ. ಓದಿ ತಲೆ ಕೆಟ್ಟುಹೋಯಿತು.

ನಿಲ್ಲುವುದಿಲ್ಲ ಸ್ವಾಮಿ. ಗೋಡೆ ಕಟ್ಟಿದರೆ ನೀರು ಜೋರಾಗಿ ಓಡುತ್ತದೆ, ಅಷ್ಟೇ. ನಿಮ್ಮ ಬೀದಿಯ ನೀರು ಕೆಳಗಿನ ಬಡಾವಣೆಗೆ ಒಟ್ಟಿಗೇ ನುಗ್ಗುತ್ತದೆ. ಅಲ್ಲಿ ರೈಲ್ವೆ ಹಳಿ ಕೆಳಗೆ ಕಿರಿದಾದ ಮೋರಿ ಇದ್ದರೆ ಅವರ ಗತಿ ಏನು? ಹೊರಮಾವಿನ ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮುಳುಗಿದ್ದು ನೆನಪಿದೆ ಅಲ್ವಾ?

ಮಳೆ ನೀರಿಗೆ ಓಡಲು ದಾರಿ ಬೇಕು, ಒಪ್ಪುತ್ತೇನೆ. ಅದಕ್ಕೂ ಮೊದಲು ನಿಲ್ಲಲು ಜಾಗ ಬೇಕು. ಕೆರೆ ಇರುವುದೇ ಅದಕ್ಕೆ. ಆದರೆ ಮಳೆ ಬರುವ ಹೊತ್ತಿಗೆ ನಮ್ಮ ಎಷ್ಟೋ ಕೆರೆಗಳು ಆಗಲೇ ತುಂಬಿ ಕೂತಿರುತ್ತವೆ. ಬೇಸಿಗೆಯಲ್ಲೂ ನಿಲ್ಲದೆ ಬರುವ ಕೊಳಚೆ ನೀರಿನಿಂದ!

ಹಳೇ ಕೆರೆಗಳಿಗೆ ಎರಡು ದಾರಿ ಇರುತ್ತಿದ್ದವು. ಮೇಲೆ ಕೋಡಿ, ಏರಿಯ ಬುಡದಲ್ಲಿ ತೂಬು. ಹೆಚ್ಚಾದದ್ದು ಕೋಡಿಯಲ್ಲಿ ತಾನೇ ಹೋಗುತ್ತಿತ್ತು. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ನೀರುಗಂಟಿಯ ಕೆಲಸ. ಗದ್ದೆ ಹೋಗಿ ಸೈಟು ಬಂತು, ನೀರುಗಂಟಿಗೆ ಕೆಲಸ ಇಲ್ಲವಾಯಿತು, ತೂಬು ಹೂಳಿನಲ್ಲಿ ಹೂತುಹೋಯಿತು. ಈಗ ಏರಿ ಮೇಲೆ ವಾಕಿಂಗ್ ಟ್ರ್ಯಾಕ್ ಇದೆ, ಬೆಂಚ್ ಇದೆ, ಬಣ್ಣದ ಬೇಲಿ ಇದೆ. ನೀರು ಇಳಿಸುವ ತೂಬು ಎಲ್ಲಿ?

ನಾನು ಹೇಳುವುದು ಒಂದೇ. ಮಳೆಗೆ ಮುಂಚೆ ಕೆರೆ ಇಳಿಸಿ. ತೂಬಿಗೆ ಗೇಟ್ ಹಾಕಿ, ಅದನ್ನು ಎತ್ತಲು ಒಬ್ಬ ಮನುಷ್ಯನನ್ನು ಇಡಿ. ಒಂದರ ನೀರು ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲಿನಲ್ಲಿ ಕೊನೆಯ ಕೆರೆಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಆಗ ಕೆಳಗಿನವರಿಗೂ ತೊಂದರೆ ಆಗುವುದಿಲ್ಲ. 100 ಎಕರೆ ಕೆರೆಯನ್ನು ಒಂದೇ ಒಂದು ಮೀಟರ್ ಇಳಿಸಿದರೆ ಸುಮಾರು 40 ಕೋಟಿ ಲೀಟರ್ ನೀರಿಗೆ ಜಾಗ ಸಿಗುತ್ತದೆ. ನಲವತ್ತು ಕೋಟಿ! 2022ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ ಸುಮಾರು 130 ಮಿಲಿಮೀಟರ್ ಸುರಿಯಿತು. ಮಹದೇವಪುರದ ಕಡೆ ಕೆರೆಗಳು ಕೋಡಿ ಬಿದ್ದವು. ಯಮಲೂರಿನವರು, ರೇನ್‌ಬೋ ಡ್ರೈವ್ ಬಡಾವಣೆಯವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಆ ಕೆರೆಗಳಲ್ಲಿ ಮೊದಲೇ ಜಾಗ ಇದ್ದಿದ್ದರೆ?

"ಕೆರೆ ಖಾಲಿ ಮಾಡಿದರೆ ಅಂತರ್ಜಲ ಹೋಗುತ್ತೆ" ಅನ್ನುತ್ತಾರೆ. ಖಾಲಿ ಮಾಡಿ ಅಂತ ಯಾರು ಹೇಳಿದರು? ಒಂದು ಮೀಟರ್ ಇಳಿಸಿ ಅಂದೆ. ಒಂದೆರಡು ಒಳ್ಳೆ ಮಳೆಗೆ ಅದು ಮತ್ತೆ ತುಂಬುತ್ತದೆ, ಅದೂ ಮಳೆ ನೀರಿನಲ್ಲಿ. ನೀವು ಕಾಪಾಡಲು ಹೊರಟಿರುವುದು ಕೊಳಚೆಯನ್ನು!

"ಪ್ರಕೃತಿ ಮುಂದೆ ನಾವೇನು ಮಾಡೋಕಾಗುತ್ತೆ" ಅನ್ನುವವರ ಜೊತೆ ವಾದವೇ ಬೇಡ. ಸುಮ್ನೆ ಕೈಕಟ್ಟಿ ಕೂರಲು ಅದೊಂದು ನೆಪ. ತೂಬು ಮುಚ್ಚಿದ್ದು ಪ್ರಕೃತಿಯಾ?

ಚಾನೆಲ್‌ಗೆ ಹೊಸಬರಾದರೆ ಸಬ್‌ಸ್ಕ್ರೈಬ್ ಮಾಡಿ, ಈ ವಿಷಯ ನಾನು ಬಿಡುವುದಿಲ್ಲ. ಗೋಡೆ ಆಮೇಲೆ ಕಟ್ಟಿಕೊಳ್ಳಿ, ಮೊದಲು ಕೆರೆ ಇಳಿಸಿ! ನಾಳೆ ಬೆಳಿಗ್ಗೆ ವಾಕಿಂಗ್ ಹೋದಾಗ ನಿಮ್ಮ ಕೆರೆಗೆ ತೂಬು ಇದೆಯಾ, ಗೇಟ್ ತಿರುಗುತ್ತದಾ ನೋಡಿ. ಕೆರೆ ಹೆಸರಿನ ಜೊತೆ ಕಾಮೆಂಟ್‌ನಲ್ಲಿ ಹಾಕಿ, ಮುಂದಿನ ವಿಡಿಯೋದಲ್ಲಿ ಒಂದೊಂದೇ ಓದುತ್ತೇನೆ.